ಅಕ್ಕ ನಿಲ್ಲಿಸಿದ ಗೂಡ್ಸ್ ಗಾಡಿ

ನಾನು ಬಸ್ ಕಂಡಕ್ಟರ್. ದಿನವಿಡೀ ಕೂಗುವ ಕೆಲಸ, ಹಾಗಾಗಿ ನನ್ನಿಂದ ಮೆತ್ತನೆಯ ದನಿಯನ್ನು ಯಾರೂ ನಿರೀಕ್ಷಿಸಬೇಡಿ. ಅಕ್ಕನ ಸುದ್ದಿ ಬಂದರಂತೂ ದನಿ ಇನ್ನೂ ಏರುತ್ತದೆ. ನಿಜಕ್ಕೂ ಇದು ಅವಳೇ ಹೇಳಬೇಕಾದ ಕಥೆ. ಅವಳು ಹೇಳುವುದಿಲ್ಲ, ಅವಳ ಬಾಯಿಗೆ ಚಿಕ್ಕಂದಿನಲ್ಲೇ ಬೀಗ ಹಾಕಿದರು. ಹಾಕಿದವರಲ್ಲಿ ಒಬ್ಬರೂ ಕೆಟ್ಟವರಲ್ಲ ಎಂಬುದನ್ನು ನೆನೆದರೆ ನನ್ನ ಹೊಟ್ಟೆ ಇನ್ನಷ್ಟು ಉರಿಯುತ್ತದೆ.

ನಮ್ಮಪ್ಪ ರೈಲ್ವೆ ಗೇಟಿನವನು. ಊರಿನ ಹೊರಗೆ ರಸ್ತೆಯೊಂದು ಹಳಿಯನ್ನು ದಾಟುವ ಜಾಗ. ಅಲ್ಲಿ ಎರಡು ಉದ್ದನೆಯ ಕಂಬಗಳ ಗೇಟು, ಅದನ್ನು ಏರಿಸಿ ಇಳಿಸಲು ಕೈಯಿಂದ ತಿರುಗಿಸುವ ಕಬ್ಬಿಣದ ಚಕ್ರ, ಪಕ್ಕದಲ್ಲಿ ಫೋನು ಇಟ್ಟಿದ್ದ ಒಂದು ಪುಟ್ಟ ಗೂಡು. ಗೂಡಿನ ಹಿಂದೆ ರೈಲ್ವೆಯವರೇ ಕೊಟ್ಟ ಮನೆ: ಒಂದು ಕೋಣೆ, ಒಂದು ಅಡುಗೆಮನೆ, ಹಿತ್ತಿಲಲ್ಲಿ ಬಚ್ಚಲು. ಗಾಡಿ ಹೋಗುವಾಗ ಅಡುಗೆಮನೆಯ ಹಲಗೆಯ ಮೇಲಿನ ಲೋಟಗಳು ನಡುಗುತ್ತ ನಡುಗುತ್ತ ಅಂಚಿಗೆ ಬರುತ್ತಿದ್ದವು. ಅವು ಬೀಳದಿರಲೆಂದು ಅಮ್ಮ ಅಂಚಿನುದ್ದಕ್ಕೂ ಒಂದು ಮರದ ಪಟ್ಟಿ ಹೊಡೆಸಿದ್ದಳು.

ಮನೆಗೂ ಹಳಿಗೂ ನಡುವೆ ಹಳೆಯ ಸ್ಲೀಪರ್ ಮರಗಳ ರಾಶಿ ಇತ್ತು. ಹಳಿಯ ಅಡಿಯಿಂದ ಕಿತ್ತು ತಂದು ಹಾಕಿದ್ದ ದಪ್ಪ ದಿಮ್ಮಿಗಳು. ಬಿಸಿಲಿಗೆ ಅವುಗಳ ಟಾರು ಕರಗಿ ನಮ್ಮ ಫ್ರಾಕಿಗೆ ಅಂಟುತ್ತಿತ್ತು. ಅಮ್ಮ ಸೀಮೆಎಣ್ಣೆ ಹಚ್ಚಿ ಉಜ್ಜುತ್ತ, "ನಿಮ್ಮನ್ನ ಹೆತ್ತದ್ದಕ್ಕಿಂತ ಎರಡು ಇಂಜಿನ್ ಹೆತ್ತಿದ್ರೆ ಚೆನ್ನಾಗಿತ್ತು, ಬಟ್ಟೆ ಒಗೆಯೋದಾದ್ರೂ ತಪ್ಪುತ್ತಿತ್ತು" ಎಂದು ಬೈಯುತ್ತಿದ್ದಳು. ನಾವು ಮಾತ್ರ ಶಾಲೆ ಬಿಟ್ಟ ಕೂಡಲೇ ಚೀಲ ಎಸೆದು ಆ ರಾಶಿಯ ಮೇಲೇ ಹತ್ತಿ ಕೂರುತ್ತಿದ್ದೆವು.

ನಮ್ಮದೊಂದು ಆಟವಿತ್ತು. ಬರುವ ಗಾಡಿ ಕಣ್ಣಿಗೆ ಬೀಳುವ ಮುಂಚೆ ಅದು ಯಾವುದೆಂದು ಹೇಳಬೇಕು. ಕಂಡ ಮೇಲೆ ಹೇಳಿದರೆ ಲೆಕ್ಕಕ್ಕಿಲ್ಲ. ಸೋತವರು ಅಮ್ಮನಿಗೆ ನೀರು ತಂದುಕೊಡಬೇಕು. ಆ ಮನೆಯ ನೀರನ್ನೆಲ್ಲ ನಾನೇ ಹೊತ್ತಿದ್ದೇನೆ ಎಂದರೆ ಆಟ ಹೇಗೆ ನಡೆಯುತ್ತಿತ್ತು ಎಂದು ನಿಮಗೇ ತಿಳಿಯುತ್ತದೆ. ಇಂಜಿನ್ನುಗಳಿಗೆಲ್ಲ ಅಕ್ಕನೇ ಹೆಸರಿಟ್ಟಿದ್ದಳು. ಏರಿನಲ್ಲಿ ಗೊಣಗುತ್ತ ಬರುವುದು ಗೊಣಗಪ್ಪ. ಗೇಟಿನ ಹತ್ತಿರ ಬಂದಾಗ ತಪ್ಪದೆ ಉಸ್ಸೆಂದು ಗಾಳಿ ಬಿಡುವುದು ನೆಗಡಿರಾಯ. ಗೂಡ್ಸ್ ಗಾಡಿಗಳನ್ನು ಎಳೆಯುವ ಭಾರೀ ಇಂಜಿನ್ನು ದೊಡ್ಡಮ್ಮ. ಅವಳು ಯಾರಿಗೂ ದಾರಿ ಬಿಡುತ್ತಿರಲಿಲ್ಲ, ತಾನೂ ಬೇಗ ಹೋಗುತ್ತಿರಲಿಲ್ಲ.

ನಾನು ಕಿವಿ ನಿಮಿರಿಸಿ ಕೂತರೂ ಕೇಳಿಸುತ್ತಿದ್ದುದು ಬರೀ ಗದ್ದಲ. ಅಕ್ಕ ಕಣ್ಣು ಮುಚ್ಚಿ ಕೂರುತ್ತಿದ್ದಳು.

"ದೊಡ್ಡಮ್ಮ ಬರ್ತಿದ್ದಾಳೆ. ಹಿಂದೆ ಇರೋದೆಲ್ಲ ಖಾಲಿ ಡಬ್ಬಿ. ಕೊನೇ ಕಡೆ ಒಂದು ಕುಂಟು ಚಕ್ರ ಇದೆ ನೋಡು."

ಚಕ್ರ ಒಂದು ಕಡೆ ಸವೆದು ಚಪ್ಪಟೆಯಾಗಿದ್ದರೆ ಉರುಳುವಾಗ ಟಪ್ ಟಪ್ ಎನ್ನುತ್ತದೆ. ಅದಕ್ಕೆ ಅವಳಿಟ್ಟ ಹೆಸರು ಕುಂಟು ಚಕ್ರ. ಗಾಡಿ ತಿರುವಿನಿಂದ ಹೊರಬರುತ್ತಿತ್ತು, ದೊಡ್ಡಮ್ಮನೇ ಆಗಿರುತ್ತಿದ್ದಳು, ಖಾಲಿ ಡಬ್ಬಿಗಳು ಗಡಗಡ ಎನ್ನುತ್ತ ದಾಟುತ್ತಿದ್ದವು, ಕೊನೆಗೆ ಆ ಟಪ್ ಟಪ್. ನಾನು ಸಿಟ್ಟಿನಿಂದ ಕೊಡ ಎತ್ತಿಕೊಂಡು ಹೊರಡುತ್ತಿದ್ದೆ.

ಅಪ್ಪನಿಗೆ ಅವಳ ಮೇಲೆ ಭಾರೀ ಹೆಮ್ಮೆ. ಅವಳನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದ. ಗಾಡಿ ದಾಟುವಾಗ ಗೇಟಿನವನು ಹಸಿರು ಬಾವುಟ ಹಿಡಿದು ನಿಂತು, ಇಂಜಿನ್ನಿನಿಂದ ಕೊನೆಯ ಡಬ್ಬಿಯವರೆಗೂ ಕಣ್ಣಾಡಿಸಬೇಕು. ಯಾವುದಾದರೂ ಚಕ್ರದ ಪೆಟ್ಟಿಗೆ ಹೊಗೆಯಾಡುತ್ತಿದೆಯೇ, ಸರಪಳಿ ಜೋತಾಡುತ್ತಿದೆಯೇ, ಬಾಗಿಲು ತೆರೆದಿದೆಯೇ ಎಂದು ನೋಡಬೇಕು. ಕೊನೆಯ ಡಬ್ಬಿಯಲ್ಲಿ ಗಾರ್ಡ್ ತಾನೂ ಹಸಿರು ತೋರಿಸುತ್ತಾನೆ. ಅಲ್ಲಿಗೆ ಎಲ್ಲ ಕ್ಷೇಮ ಎಂದರ್ಥ. ಅಪ್ಪ ಇದನ್ನೆಲ್ಲ ಅಕ್ಕನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದ್ದ. ಗೇಟಿನಾಚೆ ತಗಡಿನ ಅಂಗಡಿ ಇಟ್ಟುಕೊಂಡಿದ್ದ ಕ್ಷೌರದವನು ಅವಳನ್ನು ಕಂಡರೆ ಎದ್ದು ಸಲಾಮು ಹೊಡೆಯುತ್ತಿದ್ದ. "ಗಾರ್ಡಮ್ಮ, ಅಪ್ಪಣೆ ಆದ್ರೆ ಕತ್ತರಿ ಆಡಿಸ್ಲಾ?" ಎಂದು ಕೇಳುತ್ತಿದ್ದ.

ಒಮ್ಮೆ ಅಮ್ಮ ಜ್ವರ ಬಂದು ಮಲಗಿದ್ದಳು. ಅಪ್ಪ ಗೇಟು ಹಾಕಿ, ತನ್ನ ಕೋಟು ಟೋಪಿಯನ್ನು ಅಕ್ಕನಿಗೆ ತೊಡಿಸಿ, ಬಾವುಟ ಕೈಗಿಟ್ಟು, ಔಷಧಿ ತರಲು ಓಡಿದ. ಗಾಡಿ ದಾಟಿತು. ಗಾರ್ಡ್ ಹಸಿರು ತೋರಿಸಿದ. ಯಾರಿಗೂ ಏನೂ ಗೊತ್ತಾಗಲಿಲ್ಲ. ಆಮೇಲೆ ಅದೇ ಚಾಳಿಯಾಯಿತು. ಗೇಟು ಹಾಕುವುದು, ಅಕ್ಕನಿಗೆ ಕೋಟು ತೊಡಿಸುವುದು, ಕ್ಷೌರದಂಗಡಿಗೆ ಹೋಗಿ ಹರಟೆ ಹೊಡೆಯುವುದು.

"ಓಡೋ ಗಾಡಿಯಿಂದ ಏನ್ ಕಾಣುತ್ತೆ? ಕೋಟು ಕಾಣುತ್ತೆ, ಟೋಪಿ ಕಾಣುತ್ತೆ, ಬಾವುಟ ಕಾಣುತ್ತೆ. ಒಳಗಿರೋದು ಯಾರು ಅಂತ ಯಾವನು ನೋಡ್ತಾನೆ?" ಎಂದು ಅಪ್ಪ ನಗುತ್ತಿದ್ದ. ಅಕ್ಕನೂ ನಗುತ್ತಿದ್ದಳು. ಅವಳ ಪಾಲಿಗೆ ಅದಕ್ಕಿಂತ ದೊಡ್ಡ ಸಂತೋಷ ಬೇರೆ ಇರಲಿಲ್ಲ.

ಆ ದಿನವೂ ಅಪ್ಪ ಗೇಟು ಹಾಕಿ ಗಡ್ಡ ಹೆರೆಸಿಕೊಳ್ಳಲು ಹೋಗಿದ್ದ. ಮಧ್ಯಾಹ್ನದ ಸುಡುಬಿಸಿಲು. ಅಕ್ಕ ಕಣಕಾಲು ಮುಟ್ಟುವ ಕೋಟಿನಲ್ಲಿ ನಿಂತಿದ್ದಳು, ಬಲಗೈಯಲ್ಲಿ ಹಸಿರು ಬಾವುಟ, ಕಂಕುಳಲ್ಲಿ ಸುತ್ತಿಟ್ಟ ಕೆಂಪು ಬಾವುಟ. ನಾನು ಗೂಡಿನ ಮೆಟ್ಟಿಲ ಮೇಲೆ ಕೂತಿದ್ದೆ.

"ದೊಡ್ಡಮ್ಮ. ತುಂಬಿದ ಡಬ್ಬಿಗಳು," ಎಂದಳು. ಎಂದವಳೇ ಮುಖ ಗಂಟಿಕ್ಕಿದಳು. "ಅಲ್ಲೇನೋ ಕಿರುಚ್ತಿದೆ ಕಣೇ. ಸಣ್ಣಗೆ."

ನನಗೇನೂ ಕೇಳಿಸಲಿಲ್ಲ. ಇಂಜಿನ್ನು ಬಂತು, ಡ್ರೈವರ್ ಕೈ ಎತ್ತಿದ, ಮುಂದೆ ಹೋದ. ಡಬ್ಬಿಗಳು ಒಂದಾದ ಮೇಲೊಂದು ದಾಟತೊಡಗಿದವು. ಆಗ ಎಣ್ಣೆ ಸುಟ್ಟ ನಾತ ನನ್ನ ಮೂಗಿಗೂ ಬಡಿಯಿತು. ನಡುವಿನ ಒಂದು ಡಬ್ಬಿಯ ಕೆಳಗೆ, ಚಕ್ರದ ಅಚ್ಚು ಕೂರುವ ಪೆಟ್ಟಿಗೆಯಿಂದ ನೀಲಿ ಹೊಗೆ ಏಳುತ್ತಿತ್ತು. ಒಳಗೆ ಕೆಂಡದ ಬಣ್ಣ.

"ಅಕ್ಕಾ, ಗಾಡಿ ನಿಂತ್ರೆ ಇಲ್ಲಿಗೆ ಬರ್ತಾರೆ ಕಣೇ. ಅಪ್ಪ ಇಲ್ವಲ್ಲೇ!"

"ಗೊತ್ತು," ಎಂದಳು. ಹಸಿರು ಬಾವುಟ ಕೆಳಗೆ ಬಿಸಾಡಿ ಕೆಂಪು ಬಿಡಿಸಿದಳು.

ಇಂಜಿನ್ನು ಆಗಲೇ ಮುಂದೆ ಹೋಗಿತ್ತು. ನೋಡಬಹುದಾದವನು ಕೊನೆಯ ಡಬ್ಬಿಯ ಗಾರ್ಡ್ ಒಬ್ಬನೇ. ಅಕ್ಕ ಹಳಿಯ ಹತ್ತಿರಕ್ಕೆ ಓಡಿ ಕೆಂಪು ಬೀಸಿದಳು. ಬೀಸುವ ರಭಸಕ್ಕೆ ಟೋಪಿ ಹಾರಿಹೋಯಿತು, ಜಡೆ ಬೆನ್ನ ಮೇಲೆ ಬಿತ್ತು. ಹಸಿರು ತೋರಿಸಲು ಎದ್ದ ಗಾರ್ಡ್ ಒಂದು ಗಳಿಗೆ ಬಾಯಿ ತೆರೆದು ನೋಡಿ, ಗಬಕ್ಕನೆ ಒಳಗೆ ಬಾಗಿ ಬ್ರೇಕು ಹಾಕಿದ. ಹಳಿಯೆಲ್ಲ ಕಿರ್ರೆಂದಿತು. ಆ ಉದ್ದನೆಯ ಗಾಡಿ ಮುಂದೆ ಹೋಗಿ ಹೋಗಿ ಕೊನೆಗೂ ನಿಂತಿತು.

ಗಾರ್ಡ್ ವಯಸ್ಸಾದವರು, ದಪ್ಪ ಮೈ. ಮೊದಲು ಹೊಗೆಯಾಡುತ್ತಿದ್ದ ಡಬ್ಬಿಯನ್ನು ನೋಡಿ, ಆಮೇಲೆ ಹಳಿಯುದ್ದಕ್ಕೂ ಏದುಸಿರು ಬಿಡುತ್ತ ಗೇಟಿಗೆ ಬಂದರು. ಅದೇ ಹೊತ್ತಿಗೆ ಅತ್ತ ಕಡೆಯಿಂದ ಅಪ್ಪ ಓಡಿಬಂದ. ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಯ ತುಂಬ ನೊರೆ, ಕುತ್ತಿಗೆಗೆ ಕಟ್ಟಿದ ಬಟ್ಟೆ. ಅವನ ಹಿಂದೆ ಕತ್ತಿ ಕೈಯಲ್ಲೇ ಹಿಡಿದ ಕ್ಷೌರದವನು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಗಾರ್ಡ್ ಅಪ್ಪನನ್ನು ನೋಡಿದರು, ಕೋಟಿನೊಳಗೆ ಮುಳುಗಿದ್ದ ಅಕ್ಕನನ್ನು ನೋಡಿದರು.

"ಇನ್ನು ಸ್ವಲ್ಪ ಹೋಗಿದ್ರೆ ಅಚ್ಚು ಮುರಿದು ಮುಂದಿನ ಸೇತುವೆ ಮೇಲೆ ಬೀಳ್ತಿತ್ತು ಗಾಡಿ. ನಾನಿರೋದು ಹಿಂದಿನ ಡಬ್ಬಿಯಲ್ಲಿ. ನನ್ನ ಹೆಣನೂ ಸಿಗ್ತಿರಲಿಲ್ಲ," ಎಂದರು.

ಅಪ್ಪ ಕುತ್ತಿಗೆಯ ಬಟ್ಟೆಯಿಂದ ಕೆನ್ನೆಯ ನೊರೆ ಒರೆಸಿಕೊಳ್ಳಲು ಹೋದ.

"ಮೊದಲು ಮುಖ ತೊಳ್ಕೊಳ್ಳಯ್ಯ. ಆ ಕೋಟು ಹಾಕ್ಕೋ. ಬಾವುಟ ತೋರಿಸಿದ್ದು ನೀನು. ನಾನು ನೋಡಿದ್ದು ನಿನ್ನನ್ನೇ. ತಲೆಗೆ ಹೋಯ್ತಾ?" ಎಂದರು ಗಾರ್ಡ್. ಆಮೇಲೆ ಕಷ್ಟಪಟ್ಟು ಬಗ್ಗಿ ಅಕ್ಕನ ಗಲ್ಲ ಹಿಡಿದರು. "ಚಿನ್ನದಂಥ ಹುಡುಗಿ ಕಣಮ್ಮ ನೀನು. ಆದ್ರೆ ಇದನ್ನ ಯಾರ ಹತ್ರನೂ ಬಾಯಿ ಬಿಡಬೇಡ ಮಗಳೇ. ಬಿಟ್ರೆ ನಿಮ್ಮಪ್ಪನ ಕೆಲಸ ಹೋಗುತ್ತೆ, ಇರೋ ಮನೇನೂ ಹೋಗುತ್ತೆ."

ಅಕ್ಕ ತಲೆಯಾಡಿಸಿದಳು. ಬೆವರಿನಿಂದ ತೊಯ್ದ ಕೋಟನ್ನು ಬಿಚ್ಚಿ ಅಪ್ಪನ ಕೈಗೆ ಕೊಟ್ಟಳು.

ಅಂದು ಸಂಜೆ ಅಪ್ಪ ಅಡುಗೆಮನೆಯಲ್ಲಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಅತ್ತ. ದೊಡ್ಡವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

"ನನ್ನ ಮಾನ ಉಳಿಸಿದೆ ತಾಯಿ. ನನ್ನ ಸರ್ವೀಸು ಮುಗೀಲಿ, ಆಮೇಲೆ ಯಾರ ಹಂಗು? ನಾನೇ ನನ್ನ ಬಾಯಿಂದ ಎಲ್ಲರಿಗೂ ಹೇಳ್ತೀನಿ, ನಿಲ್ಲಿಸಿದ್ದು ನನ್ನ ಮಗಳು ಅಂತ."

ಅಕ್ಕ ಆ ಮಾತನ್ನು ಗಂಟು ಹಾಕಿ ಇಟ್ಟುಕೊಂಡಳು. ಬಿಟ್ಟಿದ್ದರೆ ಬದುಕು ಹಗುರವಾಗುತ್ತಿತ್ತೇನೋ. ಅವಳು ಬಿಡುವವಳಲ್ಲ.

ರೈಲ್ವೆಯ ಸಾಹೇಬರುಗಳು ಬಂದರು. ಸುಟ್ಟ ಚಕ್ರದ ಪೆಟ್ಟಿಗೆಯನ್ನು ನೋಡಿದರು, ಸೇತುವೆಯನ್ನು ನೋಡಿದರು, ಅಪ್ಪನ ಬೆನ್ನು ತಟ್ಟಿದರು. ಸ್ಟೇಷನ್ನಿನಲ್ಲಿ ಸಣ್ಣ ಸಭೆ ಮಾಡಿ ಅವನಿಗೊಂದು ಗೋಡೆ ಗಡಿಯಾರ ಕೊಟ್ಟರು, ಫೋಟೋ ತೆಗೆದರು. ನಾವಿಬ್ಬರೂ ಎಣ್ಣೆ ಹಚ್ಚಿ ಬಾಚಿದ ತಲೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆದೆವು. ಅಕ್ಕನೂ ಹೊಡೆದಳು. ಆಗ ಅವಳಿಗೆ ಬೇಸರವಿರಲಿಲ್ಲ. ಗುಟ್ಟು ತನ್ನದು ಎಂಬ ಖುಷಿ ಇತ್ತು.

ಖುಷಿ ಹೆಚ್ಚು ದಿನ ಬಾಳಲಿಲ್ಲ. ಹೆಸರು ಬಂದ ಗೇಟು ನೋಡಲು ಆಗಾಗ ಯಾರಾದರೊಬ್ಬ ಸಾಹೇಬ ಬರತೊಡಗಿದ. ಕ್ಷೌರದವನಿಗೋ ಬಾಯಿ ತಡೆಯದು. "ಗಾರ್ಡಮ್ಮ, ಇವತ್ತು ಯಾವ ಗಾಡಿ ನಿಲ್ಲಿಸ್ತೀಯಮ್ಮ?" ಎಂದು ನಾಲ್ಕು ಜನರ ಎದುರು ಒಮ್ಮೆ ಅಂದುಬಿಟ್ಟ. ಮಾರನೆಯ ದಿನದಿಂದ ಅಪ್ಪ ಆ ಅಂಗಡಿಗೆ ಹೋಗುವುದನ್ನು ಬಿಟ್ಟ, ಮಾತೂ ಬಿಟ್ಟ. ಅದೇ ವಾರ ಹಳಿ ರಿಪೇರಿಯವರಿಗೆ ಹೇಳಿ ಸ್ಲೀಪರ್ ರಾಶಿಯನ್ನು ಸಾಗಿಸಿದ. ಅಕ್ಕನಿಗೆ ಹಳಿಯ ಕಡೆ ಸುಳಿಯಬಾರದು ಎಂದು ಕಟ್ಟಪ್ಪಣೆಯಾಯಿತು.

"ಯಾಕಪ್ಪ? ನಾನೇನ್ ಮಾಡ್ದೆ?" ಎಂದು ಕೇಳಿದಳು.

"ಬೆಳೆದ ಹುಡುಗಿ ಹಳಿ ಪಕ್ಕ ನಿಂತ್ಕೊಂಡು ಗಾಡಿ ಎಣಿಸೋದು ಚೆನ್ನಾಗಿರುತ್ತಾ?" ಎಂದ ಅಪ್ಪ, ಅವಳ ಮುಖ ನೋಡದೆ.

ಅಮ್ಮನೂ ಅವನ ಪರವೇ. "ಸೂರು ಇದ್ರೆ ತಾನೇ ಸೊಕ್ಕು? ಸುಮ್ನಿರು," ಎಂದಳು.

ಅವಳಿಗೆ ಶಿಕ್ಷೆಯಾದದ್ದು ತಪ್ಪಿಗಲ್ಲ, ಅದನ್ನು ನೀವು ಗಮನಿಸಬೇಕು. ಸರಿಯಾದದ್ದನ್ನು ಮಾಡಿದ್ದಕ್ಕೇ ಅವಳಿಂದ ರೈಲು ಕಿತ್ತುಕೊಂಡರು. ಗಾಡಿ ಬರುವ ಹೊತ್ತಿಗೆ ಅವಳು ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿರುತ್ತಿದ್ದಳು. ಕೈ ನಿಲ್ಲುತ್ತಿತ್ತು, ತುಟಿ ಅಲುಗುತ್ತಿತ್ತು. ನಾನು ಕಿಟಕಿಯಿಂದ ನೋಡುತ್ತಿದ್ದೆ: ಗೊಣಗಪ್ಪ ಎಂದು ತುಟಿ ಅಲುಗಿಸಿದ್ದರೆ ಬರುತ್ತಿದ್ದುದು ಗೊಣಗಪ್ಪನೇ. ಒಂದೆರಡು ವರ್ಷಗಳಲ್ಲಿ ತುಟಿ ಅಲುಗುವುದೂ ನಿಂತಿತು.

ಅತ್ತ ಅಪ್ಪನ ಕಥೆ ಬೆಳೆಯುತ್ತ ಹೋಯಿತು. ಮೊದಮೊದಲು ಯಾರಾದರೂ ಕೇಳಿದರೆ, "ಹೊಗೆ ಕಾಣಿಸ್ತು, ಬಾವುಟ ತೋರಿಸ್ದೆ" ಎಂದು ಎರಡೇ ಮಾತಿನಲ್ಲಿ ಮುಗಿಸುತ್ತಿದ್ದ. ಬರಬರುತ್ತ ಉಪ್ಪು ಖಾರ ಸೇರಿತು. ಸಣ್ಣಗೆ ಕಿರುಚುವ ಸದ್ದು ಅವನ ಕಿವಿಗೆ ಮಾತ್ರ ಕೇಳಿಸಿತಂತೆ! ಅಕ್ಕನ ಕಿವಿಯನ್ನೂ ಕದ್ದನಲ್ಲ ಎಂದು ನಾನು ಹಲ್ಲು ಕಡಿದೆ. ಆಮೇಲೆ ಕಥೆಯೊಳಗೆ ಒಬ್ಬ ಹುಡುಗಿ ಬಂದಳು. "ನಮ್ಮ ದೊಡ್ಡ ಮಗಳು ಪಕ್ಕದಲ್ಲೇ ಇದ್ಲು. ಹೊಗೆ ನೋಡಿ ಹೆದರಿ, ನನ್ನ ಕಾಲು ತಬ್ಬಿಕೊಂಡು ಅಯ್ಯೋ ಅಪ್ಪ ಅಂತ ಅಳ್ತಿದ್ಲು. ಒಂದು ಕೈಯಲ್ಲಿ ಅವಳು, ಒಂದು ಕೈಯಲ್ಲಿ ಬಾವುಟ," ಎನ್ನುತ್ತಿದ್ದ. ಕೇಳಿದವರು ಅಕ್ಕನನ್ನು ನೋಡಿ ನಗುತ್ತಿದ್ದರು. ಯಾಕೆ ಆ ಹುಡುಗಿಯನ್ನು ಸೇರಿಸಿದ? ನನಗನ್ನಿಸುತ್ತದೆ, ಅವಳ ಜಡೆಯನ್ನು ದೂರದಿಂದ ಯಾರಾದರೂ ಕಂಡಿದ್ದರೆ ಅದಕ್ಕೊಂದು ಕಾರಣ ಬೇಕಿತ್ತು. ಹೆದರಿದ ಮನುಷ್ಯ ಎಲ್ಲ ಸಂದಿಗೂ ಬಟ್ಟೆ ತುರುಕುತ್ತಾನೆ.

ಅಕ್ಕ ಶಾಲೆ ಮುಗಿಸಿದ ವರ್ಷ ರೈಲ್ವೆಯಲ್ಲಿ ಗೇಟು ಕೆಲಸಕ್ಕೆ ಹೆಂಗಸರನ್ನೂ ತೆಗೆದುಕೊಳ್ಳುತ್ತಾರೆಂಬ ಸುದ್ದಿ ಬಂತು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ಕಳೆ ಬಂತು. ಅಪ್ಪ ಒಂದು ಮಾತು ಹೇಳಿದ್ದರೆ ಸಾಕಿತ್ತು. ಗಡಿಯಾರ ಪಡೆದ ಗೇಟಿನವನ ಮಗಳನ್ನು ಯಾರು ಬೇಡ ಎನ್ನುತ್ತಿದ್ದರು? ಅವನು ಹೇಳಲಿಲ್ಲ. ಅವಳು ಬಾವುಟ ಹಿಡಿದು ನಿಂತ ದಿನ ಹಳೆಯ ಡ್ರೈವರುಗಳು ಗುರುತು ಹಿಡಿದುಬಿಟ್ಟರೆ? ನೊರೆ ಕೆನ್ನೆಯ ಕಥೆ ಹೊರಬಿದ್ದರೆ? ಅವಳ ಅರ್ಜಿ ಹೋಗುವ ಮುಂಚೆ ಗಂಡು ಹುಡುಕಿದ.

ಭಾವ ದರ್ಜಿ. ಹಳಿಯಿಂದ ದೂರದ, ರೈಲು ಎಷ್ಟು ಕೂಗಿಕೊಂಡರೂ ಸದ್ದು ಮುಟ್ಟದ ಒಂದು ಓಣಿಯಲ್ಲಿ ಅಂಗಡಿ, ಅದರ ಹಿಂದೆಯೇ ಮನೆ. ಅವರು ಹೊಲಿಯುತ್ತಾರೆ, ಅಕ್ಕ ಕಾಜ ಮಾಡಿ ಗುಂಡಿ ಹಚ್ಚುತ್ತಾಳೆ. "ನಮ್ಮಲ್ಲಿ ಗುಂಡಿ ಖಾತೆ ಯಜಮಾನಿಯವರದು" ಎಂದು ಭಾವ ಗಿರಾಕಿಗಳ ಮುಂದೆ ತಮಾಷೆ ಮಾಡುತ್ತಾರೆ. ಒಳ್ಳೆಯ ಮನುಷ್ಯ. ಅವರಿಗೂ ಅವಳು ಹೇಳಲಿಲ್ಲ. ಅಪ್ಪ ಇನ್ನೂ ಕೆಲಸದಲ್ಲಿದ್ದಾನಲ್ಲ, ಮಾತು ಕೊಟ್ಟಿದ್ದೇನಲ್ಲ ಎನ್ನುತ್ತಿದ್ದಳು. ರೈಲಿನಲ್ಲಿ ಪ್ರಯಾಣ ಮಾಡಬೇಕಾಗಿ ಬಂದರೆ ಕಿಟಕಿ ಬಿಟ್ಟು ಒಳಗಿನ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಏಕೆಂದು ನಾನು ಒಮ್ಮೆ ಕೇಳಿದೆ.

"ಕೇಳಿಸ್ಕೊಂಡ್ರೆ ಹೆಸರು ಬಾಯಿಗೆ ಬರುತ್ತೆ ಕಣೇ," ಎಂದಳು. "ಬಂದ ಮೇಲೆ ಸಂಕಟ ಆಗುತ್ತೆ."

ಅವಳಿಗೆ ಒಬ್ಬಳೇ ಮಗಳು. ಅಮ್ಮನಿಗೆ ರೈಲೆಂದರೆ ಹೆದರಿಕೆ ಎಂದೇ ಆ ಹುಡುಗಿ ತಿಳಿದುಕೊಂಡಳು. ತಿಳಿಯದೆ ಏನು ಮಾಡುತ್ತಾಳೆ? ಕಣ್ಣಾರೆ ಕಂಡದ್ದೂ ಅದೇ, ತಾತ ಹೇಳಿದ್ದೂ ಅದೇ.

ಅಪ್ಪನ ಬೀಳ್ಕೊಡುಗೆಯ ದಿನ ಅಕ್ಕ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ಎಲ್ಲರಿಗಿಂತ ಮೊದಲು ಬಂದು ಕೂತಳು. ಸರ್ವೀಸು ಮುಗಿಯಿತು, ಇನ್ನು ಯಾರ ಹಂಗು? ಅಪ್ಪ ಮೈಕಿನ ಮುಂದೆ ನಿಂತ. ಕಥೆ ಶುರುಮಾಡಿದ. ಅಕ್ಕ ಉಸಿರು ಬಿಗಿಹಿಡಿದದ್ದು ಪಕ್ಕದಲ್ಲಿದ್ದ ನನಗೆ ಗೊತ್ತಾಯಿತು. ಕಿರುಚುವ ಸದ್ದು ಬಂತು, ಹೊಗೆ ಬಂತು, ಕಾಲು ತಬ್ಬಿ ಅಳುವ ಹುಡುಗಿಯೂ ಬಂದಳು. ಜನ ತಿರುಗಿ ಅಕ್ಕನನ್ನು ನೋಡಿ ಅಕ್ಕರೆಯಿಂದ ನಕ್ಕರು. ಅವಳೂ ಹಲ್ಲು ಬಿಟ್ಟಳು. ಥೂ, ಆ ನಗುವನ್ನು ಎಂದಿಗೂ ಮರೆಯಲಾರೆ.

ದಾರಿಯಲ್ಲಿ ನಾನು ಅಪ್ಪನನ್ನು ತರಾಟೆಗೆ ತೆಗೆದುಕೊಂಡೆ. "ಅಷ್ಟು ಜನರ ಎದುರು ಹೇಗೆ ಹೇಳೋದು? ಪಿಂಚಣಿ ತಡೆ ಹಿಡಿದ್ರೆ ನೀನು ಕೊಡ್ತೀಯಾ?" ಎಂದು ನನ್ನ ಮೇಲೇ ಹಾರಿದ. ಅಮ್ಮ ತೀರಿಕೊಂಡ ಮೇಲೆ ಅವನು ನನ್ನ ಮನೆಯಲ್ಲೇ ಇದ್ದಾನೆ. ಊಟ ತಿಂಡಿ ಹೊತ್ತಿಗೆ ಸರಿಯಾಗಿ ಕೊಡುತ್ತೇನೆ. ಪ್ರೀತಿ ಮಾಡು ಎಂದರೆ ಅದು ಬೇರೆ ಮಾತು.

ಹೀಗೆ ನಡೆಯುತ್ತಿದ್ದುದು ಹೋದ ತಿಂಗಳು ಒಂದು ತಿರುವಿಗೆ ಬಂತು. ಅಕ್ಕನ ಮಗಳ ತರಗತಿಯಲ್ಲಿ, ಮನೆಯ ಹಿರಿಯರ ಬಗ್ಗೆ ಮಾತಾಡಿ ಎಂದು ಟೀಚರ್ ಹೇಳಿದರಂತೆ. ಅವಳು ತಾತನ ಕಥೆ ಹೇಳಿದಳು. ಅದು ಎಷ್ಟು ಹಿಡಿಸಿತೆಂದರೆ, ಸೋಮವಾರ ಇಡೀ ಶಾಲೆಯ ಮುಂದೆ ಹೇಳಬೇಕೆಂದು ಅವಳನ್ನೇ ಆರಿಸಿದರು. ಶನಿವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಭ್ಯಾಸ ಮಾಡುತ್ತಿದ್ದಳು. ಕುರ್ಚಿಯ ಕಾಲು ತಬ್ಬಿಕೊಂಡು, ಮೂಗು ಸೊರಸೊರ ಎನ್ನಿಸುತ್ತ, "ಅಯ್ಯೋ ಅಪ್ಪ, ಬೇಡ ಅಪ್ಪ, ಓಡಿಹೋಗೋಣ ಅಪ್ಪ" ಎಂದು ಅಳುವ ನಟನೆ ಮಾಡಿ ಕಿಲಕಿಲ ನಕ್ಕಳು.

"ಅಮ್ಮ, ಇದು ನೀನೇ! ಈ ಜಾಗದಲ್ಲಿ ಎಲ್ಲರೂ ನಗ್ತಾರೆ ಗೊತ್ತಾ?"

ಅಕ್ಕ ಕೈಯಲ್ಲಿದ್ದ ಅಂಗಿ ಕೆಳಗಿಟ್ಟಳು. ಊರೆಲ್ಲ ನಕ್ಕಾಗ ಸುಮ್ಮನಿದ್ದವಳಿಗೆ ಹೆತ್ತ ಮಗಳು ನಕ್ಕದ್ದನ್ನು ತಡೆಯಲಾಗಲಿಲ್ಲ. ಭಾನುವಾರ ಬೆಳಿಗ್ಗೆ ಮಗಳ ಕೈ ಹಿಡಿದುಕೊಂಡು ನನ್ನ ಮನೆಗೆ ಬಂದಳು. ಮಗಳನ್ನು ಹೊರಗೆ ಆಡಲು ಬಿಟ್ಟು, ನೇರ ಅಪ್ಪನ ಮಂಚದ ಎದುರು ಬಂದು ನಿಂತಳು.

"ಅಪ್ಪ, ನಿನ್ನ ಸಾಹೇಬರು ಸತ್ತರೋ ಬದುಕಿದಾರೋ, ನಂಗೆ ಬೇಕಾಗಿಲ್ಲ. ಊರಿಗೆ ಹೇಳು ಅಂತಲೂ ಕೇಳ್ತಿಲ್ಲ. ನನ್ನ ಮಗಳೊಬ್ಬಳಿಗೆ ನಿಜ ಹೇಳು. ನಾಳೆ ಅವಳು ಶಾಲೆಯಲ್ಲಿ ಏನು ಬೇಕಾದ್ರೂ ಹೇಳ್ಲಿ. ನಮ್ಮಮ್ಮ ಅಳ್ತಾ ನಿಂತಿರಲಿಲ್ಲ ಅಂತ ಅವಳಿಗೆ ಗೊತ್ತಿದ್ರೆ ನಂಗಷ್ಟೇ ಸಾಕು."

ಅಪ್ಪ ಹೊದಿಕೆಯ ಅಂಚು ಹಿಂಡುತ್ತ ಕೂತ. "ಈಗ ಯಾಕಮ್ಮ ಅದೆಲ್ಲ? ಮಗು ಮನಸ್ಸಲ್ಲಿ ನಾನು..." ಎಂದು ತೊದಲಿದ.

"ಹೇಳ್ತೀಯೋ ಇಲ್ವೋ?" ಎಂದು ಗದರಿದವಳು ನಾನು. ಕಂಡಕ್ಟರ್ ದನಿಯಲ್ಲೇ ಗದರಿದೆ. ಅಕ್ಕ ನನ್ನ ತೋಳು ಹಿಡಿದು ಸುಮ್ಮನಿರಿಸಿದಳು.

"ನೀನೇ ಹೇಳ್ತೀನಿ ಅಂದಿದ್ದೆ ಅಪ್ಪ," ಎಂದಳು. ಅಷ್ಟೇ.

ಅಪ್ಪ ಹೊದಿಕೆಯನ್ನು ಪಕ್ಕಕ್ಕೆ ಸರಿಸಿದ. ಕೊನೆಗೆ, "ಅವಳನ್ನ ಕರಿ," ಎಂದ.

ಹುಡುಗಿ ಓಡಿಬಂದು ತಾತನ ಪಕ್ಕ ಮಂಚದ ಮೇಲೆ ಹಾರಿ ಕೂತಳು. ಅಪ್ಪ ಅವಳ ಕೈ ಹಿಡಿದ. ಅವನು ಸುಳ್ಳು ಹೇಳುವಾಗ ಎಂದೂ ತಡವರಿಸಿದ್ದಿಲ್ಲ. ಅಂದು ಒಂದೊಂದು ಮಾತಿಗೂ ತಡವರಿಸಿದ.

"ಪುಟ್ಟೀ... ಆ ಗಾಡಿ ನಿಲ್ಲಿಸಿದ್ದು ನಾನಲ್ಲ ಮರಿ. ನಿಮ್ಮಮ್ಮ. ನಾನು ಅಲ್ಲಿ ಇರಲೇ ಇಲ್ಲ. ಗಡ್ಡ ಮಾಡಿಸ್ಕೊಳ್ಳೋಕೆ ಹೋಗಿದ್ದೆ. ಅವಳೇ ನನ್ನ ಕೋಟು ಹಾಕ್ಕೊಂಡು... ಸದ್ದು ಕೇಳಿಸಿದ್ದೂ ಅವಳಿಗೇ. ಅವಳು ಅಳಲಿಲ್ಲ."

ಅಕ್ಕ ಗೋಡೆಗೆ ಕೈ ಆನಿಸಿ ನಿಂತಿದ್ದಳು. ಮುಖ ಕೆಂಪೇರಿತ್ತು. ನನ್ನ ಕಣ್ಣು ತುಂಬಿ ಬಂತು. ಕೊನೆಗೂ ಹೇಳಿದನಲ್ಲ ಮಾರಾಯ ಎಂದುಕೊಂಡೆ.

ಹುಡುಗಿ ತಾತನನ್ನು ನೋಡಿದಳು. ಅಮ್ಮನನ್ನು ನೋಡಿದಳು. ಮತ್ತೆ ತಾತನನ್ನು ನೋಡಿದಳು. ಆಮೇಲೆ ಅವನ ಕುತ್ತಿಗೆಗೆ ಜೋತುಬಿದ್ದಳು.

"ತಾತಾ, ನೀನು ಎಷ್ಟು ಒಳ್ಳೆಯವನು! ಅಮ್ಮಂಗೆ ಬೇಜಾರಾಗಿದೆ ಅಂತ ಹಾಗೆ ಹೇಳ್ತಿದ್ದೀಯ ಅಲ್ವಾ? ನಿನ್ನೆ ನಾನು ಅವಳ ಥರ ಅತ್ತು ತೋರಿಸ್ದೆ, ಆವಾಗಿಂದ ಮುಖ ಊದಿಸ್ಕೊಂಡಿದ್ದಾಳೆ."

"ಅಯ್ಯೋ ಅದು ನಿಜ ಕಣೇ!" ಎಂದೆ ನಾನು. "ನಾನಲ್ಲೇ ಇದ್ದೆ. ನನ್ನ ಕಣ್ಣಾರೆ ನೋಡಿದ್ದೀನಿ."

"ಹೋಗು ಚಿಕ್ಕಮ್ಮ. ನೀನು ಯಾವಾಗ್ಲೂ ಅಮ್ಮನ ಪಾರ್ಟಿ." ಅವಳಿಗೆ ನಗು. "ಅಮ್ಮಂಗೆ ರೈಲು ಹತ್ತೋಕೇ ಆಗಲ್ಲ, ಕಿವಿ ಮುಚ್ಕೊಂಡು ಕೂರ್ತಾಳೆ. ಅವಳು ರೈಲು ನಿಲ್ಲಿಸ್ತಾಳಾ?" ಆಮೇಲೆ ನಗು ಆರಿತು. ಅಮ್ಮನ ಕಡೆ ತಿರುಗಿ ನಿಜವಾದ ಸಿಟ್ಟಿನಿಂದ ಕೇಳಿದಳು: "ಪಾಪ, ತಾತನ ಬಾಯಲ್ಲಿ ಸುಳ್ಳು ಹೇಳಿಸ್ತೀಯಲ್ಲಮ್ಮ, ಅಷ್ಟೊಂದು ಹೊಟ್ಟೆಕಿಚ್ಚಾ ನಿಂಗೆ?"

ಅಪ್ಪ ಮೊಮ್ಮಗಳ ತಲೆ ಸವರುತ್ತಿದ್ದ. ಇನ್ನೊಮ್ಮೆ ಹೇಳಬಹುದಿತ್ತು. ಕ್ಷೌರದವನು, ಗಾರ್ಡ್, ನೊರೆ, ಹಾರಿಹೋದ ಟೋಪಿ, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಬಹುದಿತ್ತು. ಕಥೆ ಹೇಳಲು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವನು ಹೇಳಲಿಲ್ಲ. ಅಕ್ಕನ ಕಡೆ ನೋಡಿ, ಭಾರ ಇಳಿದವನ ದನಿಯಲ್ಲಿ, "ನಾನು ಹೇಳಿದೆನಲ್ಲಮ್ಮ. ಇನ್ನೇನ್ ಮಾಡ್ಲಿ?" ಎಂದ.

"ಇನ್ನೇನೂ ಬೇಡ," ಎಂದಳು ಅಕ್ಕ.

ನಾನು ಬಸ್ ಸ್ಟಾಪಿನವರೆಗೂ ಅವರ ಜೊತೆ ಹೋದೆ. ಬೈಗುಳ ನಾಲಿಗೆಯ ತುದಿಯಲ್ಲೇ ಇತ್ತು, ಯಾರನ್ನು ಬೈಯಬೇಕೆಂದು ಮಾತ್ರ ತಿಳಿಯಲಿಲ್ಲ. ಹುಡುಗಿಯ ಸಿಟ್ಟು ಅಷ್ಟರಲ್ಲೇ ಇಳಿದಿತ್ತು. ಕುಣಿಯುತ್ತ ನಡೆಯುತ್ತಿದ್ದವಳು ಥಟ್ಟನೆ ನಿಂತು ಅಮ್ಮನ ಕೈ ಜಗ್ಗಿದಳು.

"ಅಮ್ಮ, ನಾಳೆ ಕೊನೇಲಿ ಇದನ್ನೂ ಸೇರಿಸ್ತೀನಿ. ನಮ್ಮ ತಾತ ಎಷ್ಟು ದೊಡ್ಡ ಮನುಷ್ಯ ಅಂದ್ರೆ, ಮಗಳು ನೊಂದ್ಕೋಬಾರ್ದು ಅಂತ ತನ್ನ ಹೆಸರನ್ನೇ ಅವಳಿಗೆ ಬಿಟ್ಟುಕೊಟ್ಟ ಅಂತ. ಚೆನ್ನಾಗಿರುತ್ತೆ ಅಲ್ವಾ? ಹೇಳ್ಲಾ?"

ಬಸ್ಸು ಬಂತು. ಅಕ್ಕ ಅವಳನ್ನು ಮೊದಲು ಹತ್ತಿಸಿದಳು.

"ಹೇಳು," ಎಂದಳು.